ಪಿಸ್ತೂಲು ಗುರಿ ಕ್ರೀಡೆ: ಹೊಸದಾಗಿ ಕಲಿಯುವವರಿಗೆ ಮಾರ್ಗದರ್ಶಿ

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಹರಿಯಾಣದ ಮನು ಭಾಕರ್ ಮಹಿಳೆಯರ 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕಂಚಿನ ಪದಕ ಗೆದ್ದರು. ಎರಡು ದಿನಗಳ ನಂತರ ಸರಬ್ಜೋತ್ ಸಿಂಗ್ ಜತೆಗೂಡಿ ಮಿಶ್ರ ತಂಡ ವಿಭಾಗದಲ್ಲಿ ಮತ್ತೊಂದು ಕಂಚನ್ನು ತಮ್ಮದಾಗಿಸಿಕೊಂಡರು. ಇಂಥ ಗೆಲುವುಗಳ ಬೆನ್ನಲ್ಲೇ ಅನೇಕ ಮನೆಗಳಲ್ಲಿ ಒಂದು ಪ್ರಶ್ನೆ ಏಳುತ್ತದೆ: ಮಗುವಿಗೆ ಯಾವ ಪಿಸ್ತೂಲು ಕೊಡಿಸಬೇಕು? ಬಿಡುವಿನ ವೇಳೆಗೆ ಹೊಸ ಹವ್ಯಾಸವೊಂದನ್ನು ಅರಸುವ ನಡುವಯಸ್ಸಿನವರೂ ಇದನ್ನೇ ಕೇಳುತ್ತಾರೆ.

ವಾಸ್ತವದಲ್ಲಿ ಇದು ಕೊನೆಗೆ ಕೇಳಬೇಕಾದ ಪ್ರಶ್ನೆ. ಕಾನೂನು ಏನು ಹೇಳುತ್ತದೆ, ಎಲ್ಲಿ ಕಲಿಯಬಹುದು, ಶಸ್ತ್ರವನ್ನು ಹೇಗೆ ಹಿಡಿಯಬೇಕು ಎಂಬುದು ಮೊದಲು ತಿಳಿದಿರಬೇಕು. ಆ ಕ್ರಮ ತಪ್ಪಿದರೆ ಹಣ ವ್ಯರ್ಥವಾಗುವುದಷ್ಟೇ ಅಲ್ಲ, ಅಪಾಯಕ್ಕೂ ಮೊಕದ್ದಮೆಗೂ ದಾರಿಯಾದೀತು. ಆ ಕ್ರಮದಲ್ಲಿಯೇ ಈ ಕ್ರೀಡೆಯ ಪರಿಚಯ ಇಲ್ಲಿದೆ.

ಸ್ಪರ್ಧೆಯ ಸ್ವರೂಪ

ಪಿಸ್ತೂಲು ವಿಭಾಗದಲ್ಲಿ ಹಲವು ಸ್ಪರ್ಧೆಗಳಿವೆ. 25 ಮೀಟರ್ ಸ್ಪರ್ಧೆಗಳಲ್ಲಿ 0.22 ಅಂಗುಲದ ತೋಟಾ ಬಳಸುವ ಪಿಸ್ತೂಲು ಬೇಕು. 50 ಮೀಟರ್ ಪಿಸ್ತೂಲ್ ಸ್ಪರ್ಧೆ 2016ರ ರಿಯೊ ಕೂಟದ ನಂತರ ಒಲಿಂಪಿಕ್ಸ್‌ನಿಂದ ಹೊರಬಿದ್ದಿದೆ. ಹೊಸಬರ ಪಾಲಿಗೆ ಹೆಬ್ಬಾಗಿಲು 10 ಮೀಟರ್ ಏರ್ ಪಿಸ್ತೂಲ್. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಸೇರ್ಪಡೆಯಾದ ಈ ಸ್ಪರ್ಧೆಯಲ್ಲಿ ಮದ್ದಿನ ಬಳಕೆ ಇಲ್ಲ. ಒತ್ತಡದಲ್ಲಿರುವ ಗಾಳಿಯೇ 4.5 ಮಿ.ಮೀ. ವ್ಯಾಸದ, ಸುಮಾರು ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ ಅನ್ನು ಮುಂದಕ್ಕೆ ದೂಡುತ್ತದೆ.

ಗುರಿಫಲಕದ ನಡುವಿನ 10 ಅಂಕಗಳ ವೃತ್ತದ ವ್ಯಾಸ 11.5 ಮಿ.ಮೀ. ಮಾತ್ರ. 7ರಿಂದ 10 ಅಂಕಗಳವರೆಗಿನ ವೃತ್ತಗಳನ್ನು ಒಳಗೊಂಡ ಕಪ್ಪು ಭಾಗದ ವ್ಯಾಸ 59.5 ಮಿ.ಮೀ. ಸ್ಪರ್ಧಿಯು ಯಾವುದೇ ಆಸರೆಯಿಲ್ಲದೆ ನಿಂತು, ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 60 ಗುಂಡು ಹೊಡೆಯಬೇಕು. ವಿದ್ಯುನ್ಮಾನ ಫಲಕಗಳಿರುವ ಕಡೆ ಇದಕ್ಕೆ 75 ನಿಮಿಷಗಳ ಅವಧಿ. ಅಂದರೆ ಒಂದು ಗುಂಡಿಗೆ ಸರಾಸರಿ 75 ಸೆಕೆಂಡು. ಅರ್ಹತಾ ಸುತ್ತಿನ ಗರಿಷ್ಠ ಅಂಕ 600. ಅದರಲ್ಲಿ ಮೇಲಿನ ಸ್ಥಾನ ಪಡೆದ ಎಂಟು ಮಂದಿ ಫೈನಲ್‌ಗೆ ಹೋಗುತ್ತಾರೆ. 2018ರಿಂದ ಮಹಿಳೆಯರಿಗೂ ಪುರುಷರಷ್ಟೇ, ಅಂದರೆ 60 ಗುಂಡುಗಳನ್ನು ನಿಗದಿಪಡಿಸಲಾಗಿದೆ. ಅದಕ್ಕೂ ಮುನ್ನ ಅವರಿಗೆ 40 ಗುಂಡುಗಳಿದ್ದವು.

ಕಾನೂನಿನ ಚೌಕಟ್ಟು

ನಮ್ಮ ದೇಶದಲ್ಲಿ ಶಸ್ತ್ರಗಳ ವಿಷಯವನ್ನು 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ನಿಯಂತ್ರಿಸುತ್ತವೆ. ನಳಿಕೆಯ ವ್ಯಾಸ 0.177 ಅಂಗುಲವನ್ನು, ಅಂದರೆ 4.5 ಮಿ.ಮೀ.ಯನ್ನು ಮೀರದ ಹಾಗೂ ನಳಿಕೆಯ ತುದಿಯಲ್ಲಿ ಗುಂಡಿನ ಶಕ್ತಿ 20 ಜೌಲ್ ಮೀರದ ಏರ್ ಗನ್‌ಗಳಿಗೆ ಪರವಾನಗಿ ಬೇಕಿಲ್ಲ. ಈ ಎರಡರಲ್ಲಿ ಒಂದು ಮಿತಿ ದಾಟಿದರೂ ಪರವಾನಗಿ ಕಡ್ಡಾಯ. ಸ್ಪರ್ಧೆಯ ಏರ್ ಪಿಸ್ತೂಲಿನಿಂದ ಪೆಲೆಟ್ ಸೆಕೆಂಡಿಗೆ ಸುಮಾರು 150 ಮೀಟರ್ ವೇಗದಲ್ಲಿ ಹೊರಡುತ್ತದೆ. ಲೆಕ್ಕ ಹಾಕಿದರೆ ಅದರ ಶಕ್ತಿ 5ರಿಂದ 6 ಜೌಲ್ ಆಸುಪಾಸಿನಲ್ಲಿರುತ್ತದೆ. ಹೀಗಾಗಿ 10 ಮೀಟರ್ ಸ್ಪರ್ಧೆಯ ಉಪಕರಣಗಳು ಮಿತಿಯ ಒಳಗೇ ಇವೆ. ಆದರೆ ಅಂಗಡಿಯಲ್ಲಿ ‘ಹೆಚ್ಚು ಪವರ್ ಇದೆ’ ಎಂದು ಹೊಗಳಿ ಮಾರುವ 0.22 ಅಂಗುಲದ ಏರ್ ಗನ್ ಈ ವಿನಾಯಿತಿಗೆ ಒಳಪಡುವುದಿಲ್ಲ ಎಂಬುದನ್ನು ಕೊಳ್ಳುವವರು ಮರೆಯಬಾರದು.

ತೋಟಾ ಬಳಸುವ ಪಿಸ್ತೂಲಿನ ವಿಷಯ ಬೇರೆ. ಅದನ್ನು ಹೊಂದಲು 21 ವರ್ಷ ತುಂಬಿರಬೇಕು, ಪರವಾನಗಿ ಪಡೆದಿರಬೇಕು. ಕಮಿಷನರೇಟ್ ಇರುವ ನಗರಗಳಲ್ಲಿ ಪೊಲೀಸ್ ಕಮಿಷನರ್, ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿ ಪರವಾನಗಿ ನೀಡುವ ಅಧಿಕಾರಿಗಳು. ಪೊಲೀಸ್ ವರದಿಯ ಜತೆಗೆ ಶಸ್ತ್ರ ಸುರಕ್ಷತಾ ತರಬೇತಿಯ ಪ್ರಮಾಣಪತ್ರವನ್ನೂ 2016ರ ನಿಯಮಗಳು ಕೇಳುತ್ತವೆ. 2019ರ ತಿದ್ದುಪಡಿಯ ನಂತರ ಸಾಮಾನ್ಯ ಪರವಾನಗಿದಾರರು ಗರಿಷ್ಠ ಎರಡು ಶಸ್ತ್ರಗಳನ್ನು ಮಾತ್ರ ಇಟ್ಟುಕೊಳ್ಳಬಹುದು. ಮೊದಲು ಈ ಮಿತಿ ಮೂರಾಗಿತ್ತು. ಕ್ರೀಡಾಪಟುಗಳಿಗೆ ಪ್ರತ್ಯೇಕ ವಿನಾಯಿತಿಗಳಿವೆ. 21 ವರ್ಷ ತುಂಬದವರು ತರಬೇತಿಯ ಸಂದರ್ಭದಲ್ಲಿ ನಿಗದಿತ ಷರತ್ತುಗಳಿಗೆ ಒಳಪಟ್ಟು ಶಸ್ತ್ರ ಬಳಸಲು ಕಾಯ್ದೆಯಲ್ಲಿ ಅವಕಾಶವಿದೆ. ಸ್ವಂತ ಶಸ್ತ್ರವಿಲ್ಲದವರಿಗೆ ರೈಫಲ್ ಸಂಸ್ಥೆಗಳು ತಮ್ಮ ಪರವಾನಗಿಯ ಶಸ್ತ್ರಗಳನ್ನು ರೇಂಜಿನೊಳಗಿನ ಅಭ್ಯಾಸಕ್ಕೆ ಒದಗಿಸುತ್ತವೆ.

ಕರ್ನಾಟಕದ ಓದುಗರಿಗೆ ಇಲ್ಲಿ ಕೊಡಗು ನೆನಪಾಗುವುದು ಸಹಜ. ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿತು. ರಾಜ್ಯ ಹೈಕೋರ್ಟ್ 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುವುದು ಅಲ್ಲಿನ ಸಂಪ್ರದಾಯ. ಈ ವಿನಾಯಿತಿ ಆ ಜನರಿಗೆ, ಆ ನೆಲಕ್ಕೆ ಸೀಮಿತ. ರಾಜ್ಯದ ಉಳಿದ ಭಾಗದವರು ಅದನ್ನು ಮುಂದೆ ಮಾಡುವಂತಿಲ್ಲ.

ತೋಟಾ ಮರುಭರ್ತಿ: ಅಲ್ಲಿ ಹವ್ಯಾಸ, ಇಲ್ಲಿ ಅಪರಾಧ

ಅಮೆರಿಕದ ಶೂಟಿಂಗ್ ಹವ್ಯಾಸಿಗಳ ವಿಡಿಯೊಗಳನ್ನು ನೋಡುವವರಿಗೆ ಇನ್ನೊಂದು ಆಸೆ ಮೂಡುವುದುಂಟು. ಹೊಡೆದು ಮುಗಿದ ತೋಟಾದ ಹಿತ್ತಾಳೆ ಕವಚವನ್ನು ಆರಿಸಿ ತಂದು, ಮನೆಯ ಮೇಜಿನ ಮೇಲೆ ಮತ್ತೆ ತುಂಬಿಸಿ ಬಳಸುವ ಪದ್ಧತಿ ಅಲ್ಲಿದೆ. ತೋಟಾ ಎಂಬುದು ಕವಚ, ಕಿಡಿ ಹೊತ್ತಿಸುವ ಕೇಪು, ಮದ್ದು ಮತ್ತು ಗುಂಡು ಎಂಬ ನಾಲ್ಕು ಭಾಗಗಳ ಜೋಡಣೆ. ಇವುಗಳಲ್ಲಿ ದುಬಾರಿಯಾದ ಕವಚ ಹಲವು ಸಲ ಮರುಬಳಕೆಗೆ ಬರುತ್ತದೆ. ಹಣದ ಉಳಿತಾಯ ಒಂದು ಕಾರಣವಾದರೆ, ಪ್ರತಿ ತೋಟಾವೂ ಒಂದೇ ಸಮನಾಗಿರಬೇಕೆಂಬ ಹಂಬಲ ಇನ್ನೊಂದು ಕಾರಣ. ಮಲೆನಾಡಿನಲ್ಲಿ ಕೇಪಿನ ಕೋವಿಯ ನಳಿಕೆಗೆ ಮದ್ದು ಮತ್ತು ಚರೆ ತುಂಬುತ್ತಿದ್ದುದನ್ನು ಕಂಡ ಹಿರಿಯರಿಗೆ ಇದು ತೀರ ಹೊಸದೆನಿಸದು.

ಆದರೆ ಭಾರತದ ಕಾನೂನು ಇದನ್ನು ಮದ್ದುಗುಂಡು ತಯಾರಿಕೆ ಎಂದೇ ಕಾಣುತ್ತದೆ. ಕಾಯ್ದೆಯ 2ನೇ ಕಲಮಿನಲ್ಲಿರುವ ಮದ್ದುಗುಂಡಿನ ವ್ಯಾಖ್ಯೆಯಲ್ಲಿ ತೋಟಾದ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರವೂ ಸೇರಿವೆ. 5ನೇ ಕಲಮು ಪರವಾನಗಿಯಿಲ್ಲದ ತಯಾರಿಕೆಯನ್ನು ನಿಷೇಧಿಸುತ್ತದೆ. 2019ರ ತಿದ್ದುಪಡಿಯ ಪ್ರಕಾರ ಇದಕ್ಕೆ ಏಳು ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ವಿಸ್ತರಿಸಬಹುದಾದ ಸೆರೆವಾಸದ ಶಿಕ್ಷೆಯಿದೆ. ಶಸ್ತ್ರ ಪರವಾನಗಿ ಕೈಯಲ್ಲಿದ್ದ ಮಾತ್ರಕ್ಕೆ ಮನೆಯಲ್ಲಿ ತೋಟಾ ತುಂಬುವ ಹಕ್ಕು ಬರುವುದಿಲ್ಲ.

ಕಾನೂನನ್ನು ಬದಿಗಿಟ್ಟು ನೋಡಿದರೂ ಇದು ಹೊಸಬರ ಕೆಲಸವಲ್ಲ. ಗಮನ ಅತ್ತಿತ್ತ ಸರಿದು ಒಂದೇ ಕವಚಕ್ಕೆ ಎರಡು ಸಲ ಮದ್ದು ಬಿದ್ದರೆ ಪಿಸ್ತೂಲೇ ಸಿಡಿಯಬಹುದು. ಅದರ ಹಿಂದಿರುವುದು ಹೊಡೆಯುವವನ ಕೈ ಮತ್ತು ಕಣ್ಣು. ಮಿಗಿಲಾಗಿ, ಒಲಿಂಪಿಕ್ ಪಿಸ್ತೂಲು ಸ್ಪರ್ಧೆಗಳಿಗೆ ಮರುಭರ್ತಿಯ ಅಗತ್ಯವೇ ಇಲ್ಲ. 0.22 ತೋಟಾದಲ್ಲಿ ಕಿಡಿ ಹೊತ್ತಿಸುವ ರಾಸಾಯನಿಕ ಕವಚದ ಅಂಚಿನೊಳಗೇ ಇರುತ್ತದೆ. ಪಿಸ್ತೂಲಿನ ಸೂಜಿ ಆ ಅಂಚನ್ನು ಜಜ್ಜಿದಾಗ ತೋಟಾ ಹೊತ್ತುತ್ತದೆ. ಹೀಗೆ ಜಜ್ಜಿಹೋದ ಕವಚವನ್ನು ಅಮೆರಿಕದಲ್ಲೂ ಸಾಮಾನ್ಯವಾಗಿ ಮರುಬಳಕೆ ಮಾಡುವುದಿಲ್ಲ. ಏರ್ ಪಿಸ್ತೂಲಿನಲ್ಲಂತೂ ತೋಟಾದ ಮಾತೇ ಇಲ್ಲ.

ಎಲ್ಲಿ ಕಲಿಯಬೇಕು?

ರಾಷ್ಟ್ರೀಯ ರೈಫಲ್ ಸಂಸ್ಥೆ 1951ರಲ್ಲಿ ಸ್ಥಾಪನೆಯಾಯಿತು. ರಾಜ್ಯದಲ್ಲಿ ಅದರ ಅಂಗಸಂಸ್ಥೆ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ. ಬೆಂಗಳೂರಿನಲ್ಲಿ ಖಾಸಗಿ ಏರ್ ಶೂಟಿಂಗ್ ರೇಂಜುಗಳೂ ಅಕಾಡೆಮಿಗಳೂ ಇವೆ. ಕಾಲೇಜು ವಿದ್ಯಾರ್ಥಿಗಳಿಗೆ ಎನ್‌ಸಿಸಿ ಮತ್ತೊಂದು ದಾರಿ. ಅಲ್ಲಿ 0.22 ರೈಫಲ್ ತರಬೇತಿ ಸಿಗುತ್ತದೆ.

ಸೇರುವ ಮುನ್ನ ಒಮ್ಮೆ ರೇಂಜಿಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ತರಬೇತುದಾರರು ಹೊಸಬರ ಬಳಿ ನಿಂತು ಕಲಿಸುತ್ತಾರೆಯೇ? ಫಲಕ ಬದಲಿಸಲು ಯಾರಾದರೂ ಮುಂದೆ ಹೋದಾಗ ಎಲ್ಲರೂ ಪಿಸ್ತೂಲು ಕೆಳಗಿಡುತ್ತಾರೆಯೇ? ರೇಂಜಿನಲ್ಲಿ ಗಾಳಿ ಓಡಾಡುವ ವ್ಯವಸ್ಥೆ ಇದೆಯೇ? ಮೊದಲ ಕೆಲವು ತಿಂಗಳಿಗೆ ಸಂಸ್ಥೆಯದೇ ಪಿಸ್ತೂಲು ಕೊಡುತ್ತಾರೆಯೇ? ಈ ನಾಲ್ಕಕ್ಕೂ ‘ಹೌದು’ ಎಂಬ ಉತ್ತರ ಸಿಗದ ಕಡೆ ಶುಲ್ಕ ಕಡಿಮೆ ಎಂಬ ಕಾರಣಕ್ಕೆ ಸೇರಬೇಡಿ. ದಾಖಲಾತಿಯ ಮೊದಲ ದಿನವೇ ಪಿಸ್ತೂಲು ಕೊಳ್ಳಲು ಒತ್ತಾಯಿಸುವವರ ಬಗ್ಗೆಯೂ ಎಚ್ಚರವಿರಲಿ.

ಮೊದಲ ಪಾಠ ಸುರಕ್ಷತೆ

ಪಿಸ್ತೂಲು ಕೈಗೆ ಬರುವ ಮೊದಲೇ ಮೂರು ನಿಯಮಗಳು ಬಾಯಿಪಾಠವಾಗಬೇಕು. ಒಂದು, ಯಾವ ಶಸ್ತ್ರವನ್ನೇ ಆಗಲಿ ಗುಂಡು ತುಂಬಿದೆ ಎಂದೇ ಭಾವಿಸಬೇಕು. ಎರಡು, ನಳಿಕೆ ಸದಾ ಗುರಿಫಲಕದ ದಿಕ್ಕಿಗೇ ಇರಬೇಕು. ಮಾತನಾಡಲು ತಿರುಗಿದಾಗ ಪಿಸ್ತೂಲೂ ಜತೆಗೆ ತಿರುಗುವುದೇ ಹೊಸಬರ ಸಾಮಾನ್ಯ ತಪ್ಪು. ಮೂರು, ಗುರಿಯ ಕಡೆ ಕೈ ಎತ್ತಿ ಹೊಡೆಯಲು ಸಿದ್ಧವಾಗುವವರೆಗೆ ಬೆರಳು ಟ್ರಿಗರ್ ಮುಟ್ಟಬಾರದು.

ಬಳಸದಿರುವಾಗ ನಳಿಕೆಯಲ್ಲಿ ಬಣ್ಣದ ಸುರಕ್ಷತಾ ದಾರ ತೂರಿಸಿಡುವುದು ಸ್ಪರ್ಧೆಗಳಲ್ಲಿ ಕಡ್ಡಾಯ. ನಳಿಕೆ ಖಾಲಿಯಿದೆ ಎಂಬುದು ದೂರದಿಂದಲೇ ಕಾಣಲಿ ಎಂಬುದು ಇದರ ಉದ್ದೇಶ. ‘ಸ್ಟಾಪ್’ ಎಂಬ ಆದೇಶ ಕೇಳಿದ ಕ್ಷಣವೇ ನಿಲ್ಲಿಸಬೇಕು. ಗುರಿ ಚೆನ್ನಾಗಿ ಕುದುರಿದೆ, ಇದೊಂದು ಹೊಡೆದುಬಿಡೋಣ ಎಂಬುದಕ್ಕೆ ಅಲ್ಲಿ ಅವಕಾಶವಿಲ್ಲ. ಅಪಾಯ ಕಂಡರೆ ಹೊಸಬರೂ ಈ ಆದೇಶವನ್ನು ಕೂಗಿ ಹೇಳಬಹುದು.

ಪೆಲೆಟ್ ಸೀಸದ್ದು ಎಂಬುದನ್ನು ಅನೇಕರು ಮರೆಯುತ್ತಾರೆ. ರೇಂಜಿನಲ್ಲಿ ತಿಂಡಿ ತಿನ್ನಬಾರದು, ಪೆಲೆಟ್ ಅನ್ನು ಬಾಯಿಯಲ್ಲಿ ಇಟ್ಟುಕೊಳ್ಳಬಾರದು. ಅಭ್ಯಾಸ ಮುಗಿದ ಕೂಡಲೇ ಸಾಬೂನು ಹಚ್ಚಿ ಕೈ ತೊಳೆಯಬೇಕು. ಮಕ್ಕಳ ವಿಷಯದಲ್ಲಿ ಇದು ಇನ್ನೂ ಮುಖ್ಯ.

ಒಂದು ಮಿಲಿಮೀಟರಿನ ಲೆಕ್ಕ

ಹೊಸಬರು ಕೈ ನಡುಗುತ್ತದೆ ಎಂದು ಕೊರಗುತ್ತಾರೆ. ಕೈ ಎಲ್ಲರದೂ ಅಲುಗುತ್ತದೆ, ಪದಕ ಗೆದ್ದವರದೂ ಕೂಡ. ಅಂಕ ಕಳೆಯುವುದು ಬೇರೆಯೇ ದೋಷ. ಪಿಸ್ತೂಲಿನ ತುದಿಯಲ್ಲಿ ಕಡ್ಡಿಯಂತೆ ನಿಂತ ಮುಂದಿನ ಸೈಟ್ ಇದೆ, ಕಣ್ಣಿನ ಕಡೆ ಕಚ್ಚು ಇರುವ ಹಿಂದಿನ ಸೈಟ್ ಇದೆ. ಕಡ್ಡಿಯು ಕಚ್ಚಿನ ನಡುವೆ, ಎರಡರ ಮೇಲಂಚು ಒಂದೇ ಮಟ್ಟದಲ್ಲಿ ಬರುವಂತೆ ಹೊಂದಿಸಿಕೊಳ್ಳಬೇಕು.

ಈ ಎರಡು ಸೈಟುಗಳ ನಡುವಣ ಅಂತರ ಸುಮಾರು 33 ಸೆಂ.ಮೀ. ಎಂದುಕೊಳ್ಳೋಣ. ಮಣಿಕಟ್ಟು ತುಸು ಬಾಗಿ ಮುಂದಿನ ಸೈಟ್ ಒಂದೇ ಒಂದು ಮಿ.ಮೀ. ಪಕ್ಕಕ್ಕೆ ಸರಿದರೆ 10 ಮೀಟರ್ ದೂರದ ಫಲಕದಲ್ಲಿ ಗುಂಡು 30 ಮಿ.ಮೀ. ಆಚೆ ಬೀಳುತ್ತದೆ. ಹತ್ತು ಇರಬೇಕಾದ ಕಡೆ ಏಳು ಸಿಗುತ್ತದೆ. ಅದೇ ಸೈಟುಗಳು ಸರಿಯಾಗಿ ಹೊಂದಿಕೊಂಡಿದ್ದು ಇಡೀ ಕೈ 5 ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ 5 ಮಿ.ಮೀ. ಮಾತ್ರ ಸರಿಯುತ್ತದೆ. ಆಗಲೂ ಹತ್ತೇ ಸಿಗುತ್ತದೆ. ಕಣ್ಣಿನ ದೃಷ್ಟಿ ಕಪ್ಪು ಗುರಿಯ ಮೇಲಲ್ಲ, ಮುಂದಿನ ಸೈಟಿನ ಮೇಲೆ ಇರಲಿ ಎಂದು ತರಬೇತುದಾರರು ದಿನವೂ ಹೇಳುವುದು ಇದಕ್ಕೇ. ಗುರಿ ಮಸುಕಾಗಿ ಕಾಣುವುದೇ ಸರಿ. ಸಾಮಾನ್ಯವಾಗಿ ಕಪ್ಪು ವೃತ್ತದ ಕೆಳಗಿನ ಬಿಳಿ ಭಾಗಕ್ಕೆ ಸೈಟ್ ಹಿಡಿಯುತ್ತಾರೆ. ಗುಂಡು ನಡುವಿಗೆ ಬೀಳುವಂತೆ ಹಿಂದಿನ ಸೈಟನ್ನು ಸರಿಪಡಿಸಿರುತ್ತಾರೆ.

ಟ್ರಿಗರ್ ಎಳೆಯಲು ಬೇಕಾದ ಒತ್ತಡ ಕನಿಷ್ಠ 500 ಗ್ರಾಂ ಇರಬೇಕೆಂಬುದು ನಿಯಮ. ಅದನ್ನು ಹಿಂದಕ್ಕೆ ನೇರವಾಗಿ, ನಿಧಾನವಾಗಿ ಒತ್ತಬೇಕು. ‘ಈಗ ಸರಿಯಾಗಿದೆ, ಹೊಡೆ’ ಎಂದು ಬೆರಳನ್ನು ತಟ್ಟನೆ ಎಳೆದರೆ ಮಣಿಕಟ್ಟು ಅಲುಗಿ ಆ ಒಂದು ಮಿ.ಮೀ. ತಪ್ಪುತ್ತದೆ. ಗುಂಡು ಹೊರಟ ಮೇಲೂ ಒಂದೆರಡು ಸೆಕೆಂಡು ಕೈಯನ್ನು ಹಾಗೆಯೇ ಇಟ್ಟುಕೊಳ್ಳಬೇಕು. ಕೈ ಸ್ಥಿರಗೊಂಡ ಎಂಟು ಹತ್ತು ಸೆಕೆಂಡಿನೊಳಗೆ ಗುಂಡು ಹೊರಡದಿದ್ದರೆ ಹಟ ಮಾಡದೆ ಪಿಸ್ತೂಲು ಇಳಿಸಿ, ಉಸಿರು ತೆಗೆದುಕೊಂಡು ಮತ್ತೆ ಎತ್ತಬೇಕು. ಕೈ ಇಳಿಸುವ ಈ ಸಂಯಮ ಹೊಸಬರಿಗೆ ಎಲ್ಲಕ್ಕಿಂತ ತಡವಾಗಿ ಬರುತ್ತದೆ.

ಮನೆಯಲ್ಲಿ ಅಭ್ಯಾಸ

ಪಿಸ್ತೂಲಿನ ತೂಕ ಸುಮಾರು ಒಂದು ಕಿಲೊ. ಒಂದು ಲೀಟರ್ ನೀರಿನ ಬಾಟಲಿಯ ತೂಕವೂ ಅಷ್ಟೇ. ತೋಳು ಚಾಚಿ ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಹದಿನೈದು ಸೆಕೆಂಡು ಹಿಡಿದು, ಇಳಿಸಿ ವಿಶ್ರಮಿಸಿ. ದಿನಕ್ಕೆ ಹತ್ತು ಸಲದಿಂದ ಆರಂಭಿಸಿದರೆ ಸಾಕು. ಭುಜದಲ್ಲಿ ನೋವು ಕಾಣಿಸಿದರೆ ನಿಲ್ಲಿಸಬೇಕು. ಬೆಳೆಯುವ ಮಕ್ಕಳಿಗೆ ಇದರ ಪ್ರಮಾಣವನ್ನು ತರಬೇತುದಾರರೇ ನಿರ್ಧರಿಸಲಿ.

ಯಾವ ಕಣ್ಣು ಪ್ರಬಲ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡೂ ಅಂಗೈ ಸೇರಿಸಿ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು ದೂರದ ಗಡಿಯಾರವನ್ನು ಅದರ ಮೂಲಕ ನೋಡಿ. ಬಳಿಕ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ತೆರೆದಾಗ ಗಡಿಯಾರ ಕಿಂಡಿಯಲ್ಲೇ ಉಳಿಯುತ್ತದೆಯೋ ಅದು ಪ್ರಬಲ ಕಣ್ಣು. ಬಲಗೈ ಬಳಸುವವರಿಗೆ ಎಡಗಣ್ಣು ಪ್ರಬಲವಾಗಿದ್ದರೆ ಮೊದಲ ದಿನವೇ ತರಬೇತುದಾರರಿಗೆ ತಿಳಿಸುವುದು ಒಳ್ಳೆಯದು.

ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ ಈ ಕ್ರೀಡೆಯ ಬೆನ್ನೆಲುಬು. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಇದಕ್ಕೆಂದೇ ಏರ್ಪಾಡು ಇರುತ್ತದೆ. ಬಿಳಿಗೋಡೆಯ ಎದುರು ನಿಂತು ಸೈಟ್ ಕದಲದಂತೆ ಟ್ರಿಗರ್ ಒತ್ತುವುದನ್ನು ಕಲಿಯಬೇಕು. ನಳಿಕೆ ಖಾಲಿಯಿದೆಯೇ ಎಂದು ಎರಡು ಬಾರಿ ನೋಡಿ, ಪೆಲೆಟ್ ಡಬ್ಬಿಯನ್ನು ಬೇರೆ ಕೋಣೆಯಲ್ಲಿಟ್ಟ ನಂತರವೇ ಈ ಅಭ್ಯಾಸ ನಡೆಯಲಿ.

ಖರ್ಚಿನ ಮಾತು

ಮೊದಲ ಆರು ತಿಂಗಳು ಬೇಕಾದದ್ದು ರೇಂಜಿನ ಶುಲ್ಕ, ಪೆಲೆಟ್, ಚಪ್ಪಟೆ ಅಟ್ಟೆಯ ಬೂಟು ಮಾತ್ರ. ಪಿಸ್ತೂಲು ವಿಭಾಗದಲ್ಲಿ ಕಣಕಾಲು ಮುಚ್ಚುವ ಬೂಟಿಗೆ ಅವಕಾಶವಿಲ್ಲ. ರೈಫಲ್ ಶೂಟರ್‌ಗಳಂತೆ ದಪ್ಪ ಜಾಕೆಟ್, ಪ್ಯಾಂಟು ಬೇಡವಾದ್ದರಿಂದ ಪಿಸ್ತೂಲು ವಿಭಾಗದ ಆರಂಭಿಕ ಖರ್ಚು ಕಡಿಮೆ. ಆಸಕ್ತಿ ಉಳಿದುಕೊಂಡಿತೆಂದು ಖಾತರಿಯಾದ ಮೇಲೆ ಸ್ವಂತ ಪಿಸ್ತೂಲಿನ ಯೋಚನೆ ಮಾಡಬಹುದು. ಸ್ಟೇಯರ್, ಮೊರಿನಿ, ವಾಲ್ಟರ್, ಪಾರ್ಡಿನಿ, ಫೈನ್‌ವರ್ಕ್‌ಬೌ ಮುಂತಾದ ಯುರೋಪಿನ ಕಂಪನಿಗಳ ಸ್ಪರ್ಧಾ ಪಿಸ್ತೂಲುಗಳ ಬೆಲೆ ಲಕ್ಷ ರೂಪಾಯಿ ಮೀರುತ್ತದೆ. ಹಿಡಿಕೆ ತಮ್ಮ ಅಂಗೈಗೆ ಹೊಂದುತ್ತದೆಯೇ ಎಂದು ಹಿಡಿದು ನೋಡದೆ ಕೊಳ್ಳಬಾರದು. ಬಳಸಿದ ಪಿಸ್ತೂಲು ಕೊಳ್ಳುವವರು ಗಾಳಿ ಸಿಲಿಂಡರಿನ ಮೇಲಿರುವ ದಿನಾಂಕವನ್ನು ಅವಶ್ಯ ನೋಡಬೇಕು. ಹತ್ತು ವರ್ಷ ದಾಟಿದ ಸಿಲಿಂಡರ್ ಸ್ಪರ್ಧೆಗೆ ಸಲ್ಲದು, ಸುರಕ್ಷಿತವೂ ಅಲ್ಲ.

ಮುಂದಿನ ಮೆಟ್ಟಿಲುಗಳು

ಕ್ಲಬ್ ಮಟ್ಟದಿಂದ ರಾಜ್ಯ ಚಾಂಪಿಯನ್‌ಷಿಪ್, ಅಲ್ಲಿ ನಿಗದಿತ ಅಂಕ ಪಡೆದವರಿಗೆ ಮೇಲಿನ ಹಂತ, ಕೊನೆಗೆ ರಾಷ್ಟ್ರೀಯ ಕೂಟ. ಇದು ಸ್ಥೂಲವಾದ ಏಣಿ. ಈ ಏಣಿ ಹತ್ತಿದ ಕನ್ನಡ ನಾಡಿನವರು ನಮ್ಮ ಕಣ್ಣೆದುರೇ ಇದ್ದಾರೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಗೆದ್ದರು, 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ದೇಶವನ್ನು ಪ್ರತಿನಿಧಿಸಿದರು. ಬೆಂಗಳೂರಿನವರೇ ಆದ ಟಿ.ಎಸ್. ದಿವ್ಯಾ, 2023ರಲ್ಲಿ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳಾ ತಂಡ ಹಾಗೂ ಮಿಶ್ರ ತಂಡ ಏರ್ ಪಿಸ್ತೂಲ್ ವಿಭಾಗಗಳಲ್ಲಿ ಎರಡು ಬೆಳ್ಳಿ ಪದಕಗಳನ್ನು ತಂದರು.

ಪದಕದ ಗುರಿಯಿಲ್ಲದವರಿಗೂ ಇಲ್ಲಿ ಸ್ಥಳವಿದೆ. ರಾಷ್ಟ್ರೀಯ ಕೂಟದಲ್ಲಿ ಹಿರಿಯರಿಗೂ ಪ್ರತ್ಯೇಕ ವಿಭಾಗಗಳಿವೆ. ಓಡುವ, ಜಿಗಿಯುವ ವಯಸ್ಸು ದಾಟಿದವರೂ ಹೊಸದಾಗಿ ಕಲಿಯಬಹುದಾದ ಕ್ರೀಡೆ ಇದು.

ಮನೆಗೆ ತಂದ ಮೇಲೆ

ಪರವಾನಗಿ ಬೇಡ ಎಂದ ಮಾತ್ರಕ್ಕೆ ಏರ್ ಪಿಸ್ತೂಲು ಆಟಿಕೆಯಲ್ಲ. ಹತ್ತಿರದಿಂದ ತಗುಲಿದ ಪೆಲೆಟ್ ಕಣ್ಣನ್ನು ಶಾಶ್ವತವಾಗಿ ಕಳೆಯಬಲ್ಲದು. ಪಿಸ್ತೂಲನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿ, ಪೆಲೆಟ್‌ಗಳನ್ನು ಬೇರೆ ಕಡೆ ಇಡಬೇಕು. ಬೀಗದ ಕೈ ಮಕ್ಕಳಿಗೆ ಸಿಗಬಾರದು. ಕೊಂಡ ರಸೀದಿ, ಸಂಸ್ಥೆಯ ಗುರುತಿನ ಚೀಟಿ ಪೆಟ್ಟಿಗೆಯಲ್ಲೇ ಇರಲಿ. ನೋಟಕ್ಕೆ ಇದು ನಿಜವಾದ ಪಿಸ್ತೂಲನ್ನೇ ಹೋಲುವುದರಿಂದ ಬಸ್ಸಿನಲ್ಲಿ, ರಸ್ತೆಯಲ್ಲಿ ಹೊರತೆಗೆದು ತೋರಿಸಬಾರದು. ಜನ ಗಾಬರಿಯಾದರೆ ಪೊಲೀಸರಿಗೆ ಉತ್ತರ ಹೇಳಬೇಕಾದವರು ನೀವೇ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯುವಂತಿಲ್ಲ, ವಿಮಾನ ಸಂಸ್ಥೆಗೆ ಮುಂಚಿತವಾಗಿ ತಿಳಿಸಬೇಕು.

ಏರ್ ಗನ್ ಕೈಗೆ ಬಂದ ಹುಡುಗರು ಗುಬ್ಬಿ, ಪಾರಿವಾಳ, ಅಳಿಲುಗಳ ಕಡೆ ತಿರುಗುವುದು ಹಳೆಯ ಕಥೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಸಂರಕ್ಷಿತ ಹಕ್ಕಿಗಳನ್ನು ಕೊಲ್ಲುವುದು ಶಿಕ್ಷಾರ್ಹ ಅಪರಾಧ. ಈ ಹಾವಳಿ ಮಿತಿಮೀರಿದ್ದರಿಂದಲೇ ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್ ಗನ್‌ಗಳನ್ನು ಸ್ವಯಂಪ್ರೇರಣೆಯಿಂದ ಒಪ್ಪಿಸುವ ಅಭಿಯಾನ ಆರಂಭಿಸಬೇಕಾಯಿತು. ಮಕ್ಕಳಿಗೆ ಈ ಕ್ರೀಡೆ ಕಲಿಸಲು ಹೊರಟ ತಂದೆ ತಾಯಂದಿರು, ಕಾಗದದ ಫಲಕವನ್ನು ಬಿಟ್ಟು ಬೇರೆ ಯಾವುದೂ ಗುರಿಯಲ್ಲ ಎಂಬುದನ್ನು ಮೊದಲು ಮನದಟ್ಟು ಮಾಡಿಕೊಡಬೇಕು. ಅದನ್ನು ಒಪ್ಪಿಕೊಂಡ ಮಗುವಿನ ಕೈಗೆ ಮಾತ್ರ ಪಿಸ್ತೂಲು ಕೊಡಬಹುದು.